ಬೆಂಕಿ ಬಿದ್ದಾಗ ಆ 60 ಸೆಕೆಂಡು: ಸ್ಪ್ರಿಂಕ್ಲರ್ ಜನಕ ಫ್ರೆಡರಿಕ್ ಗ್ರಿನೆಲ್ ಅವರ ಕಥೆ

ಸಿನಿಮಾಗಳಲ್ಲಿ ಈ ದೃಶ್ಯವನ್ನು ನೀವು ನೋಡಿಯೇ ಇರುತ್ತೀರಿ. ಹೀರೋ ಲೈಟರ್ ಹಚ್ಚಿ ಮೇಲ್ಛಾವಣಿಯ ಸ್ಪ್ರಿಂಕ್ಲರ್‌ಗೆ ಹಿಡಿಯುತ್ತಾನೆ. ಮರುಕ್ಷಣ ಇಡೀ ಕಟ್ಟಡದಲ್ಲಿ ಮಳೆ! ಎಲ್ಲ ಕೋಣೆಗಳಲ್ಲೂ, ಎಲ್ಲ ಮಹಡಿಗಳಲ್ಲೂ ಒಟ್ಟಿಗೇ ನೀರು ಸುರಿಯುತ್ತದೆ.

ಇದರಲ್ಲಿ ಎರಡು ತಪ್ಪುಗಳಿವೆ. ಒಂದು, ಸಾಮಾನ್ಯ ಸ್ಪ್ರಿಂಕ್ಲರ್ ವ್ಯವಸ್ಥೆಯಲ್ಲಿ ಬಿಸಿ ತಗುಲಿದ ಸ್ಪ್ರಿಂಕ್ಲರ್ ಮಾತ್ರ ತೆರೆದುಕೊಳ್ಳುತ್ತದೆ, ಉಳಿದವು ಮುಚ್ಚಿಕೊಂಡೇ ಇರುತ್ತವೆ. ಎರಡು, ಸ್ಪ್ರಿಂಕ್ಲರ್ ತೆರೆದ ಕೂಡಲೇ ನೀರು ಬಂದೇ ಬರುತ್ತದೆ ಎನ್ನುವಂತಿಲ್ಲ. ಕೆಲವು ಕಟ್ಟಡಗಳ ಪೈಪ್‌ಗಳಲ್ಲಿ ನೀರೇ ಇರುವುದಿಲ್ಲ, ಗಾಳಿ ತುಂಬಿರುತ್ತದೆ. ಆ ಗಾಳಿ ಹೊರಗೆ ಹೋಗಿ ನೀರು ಬರಲು ಸಮಯ ಬೇಕು. ಈ ಸಮಯವನ್ನು ಸ್ಟಾಪ್‌ವಾಚ್ ಹಿಡಿದು ಅಳೆಯುವ ಪರೀಕ್ಷೆಯೇ ಇದೆ.

ಈ ಎರಡೂ ವಿಷಯಗಳ ಹಿಂದೆ ಒಬ್ಬ ಅಮೆರಿಕನ್ ಎಂಜಿನಿಯರ್ ಇದ್ದಾರೆ. ಹೆಸರು ಫ್ರೆಡರಿಕ್ ಗ್ರಿನೆಲ್. ಅಗ್ನಿಶಾಮಕ ಕ್ಷೇತ್ರದಲ್ಲಿ ಇವರ ಹೆಸರು ಕೇಳದವರು ಕಡಿಮೆ, ಅದರ ಹೊರಗೆ ಕೇಳಿದವರು ಕಡಿಮೆ. ಅವರು ಯಾರು, ಏನು ಮಾಡಿದರು, ಇಂದಿಗೂ ಅದು ನಮಗೆ ಯಾಕೆ ಮುಖ್ಯ ಎಂದು ನೋಡೋಣ.

ತಿಮಿಂಗಿಲದ ಎಣ್ಣೆಯ ಊರು

ಗ್ರಿನೆಲ್ ಹುಟ್ಟಿದ್ದು 1836ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫೋರ್ಡ್ ಎಂಬ ಬಂದರು ಊರಿನಲ್ಲಿ. ಆ ಕಾಲಕ್ಕೆ ಈ ಊರು ತಿಮಿಂಗಿಲ ಬೇಟೆಗೆ ಜಗತ್ಪ್ರಸಿದ್ಧ. ಇನ್ನೂ ಸೀಮೆಎಣ್ಣೆ ಬಂದಿರಲಿಲ್ಲ. ಮನೆ, ಬೀದಿ, ಕಾರ್ಖಾನೆಗಳ ಅನೇಕ ದೀಪಗಳು ಉರಿಯುತ್ತಿದ್ದುದು ತಿಮಿಂಗಿಲದ ಎಣ್ಣೆಯಿಂದ.

ಗ್ರಿನೆಲ್ ಸಮುದ್ರದ ಕಡೆ ಹೋಗಲಿಲ್ಲ, ಯಂತ್ರಗಳ ಕಡೆ ಹೊರಳಿದರು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದ ರೆನ್ಸೆಲಿಯರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಓದಿ 1855ರಲ್ಲಿ ಪದವಿ ಪಡೆದರು. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. ಮುಂದೆ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿದ್ದ ಕಾರ್ಲಿಸ್ ಸ್ಟೀಮ್ ಎಂಜಿನ್ ಕಂಪನಿಯಲ್ಲಿ ಕೆಲಸ ಮಾಡಿದರು. ಜರ್ಸಿ ಸಿಟಿಯ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲೂ ದುಡಿದರು. ಹಬೆ, ಒತ್ತಡ, ಪೈಪ್, ವಾಲ್ವ್ ಇವೆಲ್ಲ ಅವರ ದಿನನಿತ್ಯದ ವಿಷಯಗಳಾದವು.

1869ರಲ್ಲಿ ಅವರು ಪ್ರಾವಿಡೆನ್ಸ್ ಸ್ಟೀಮ್ ಆಂಡ್ ಗ್ಯಾಸ್ ಪೈಪ್ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡು ಅದರ ಮುಖ್ಯಸ್ಥರಾದರು. ಕಂಪನಿಯ ಹೆಸರೇ ಹೇಳುವಂತೆ ಅದರ ಕೆಲಸ ಪೈಪ್ ಹಾಕುವುದು. ಗ್ಯಾಸ್ ದೀಪಕ್ಕೆ ಪೈಪ್, ಚಳಿಗಾಲದಲ್ಲಿ ಕಟ್ಟಡ ಬೆಚ್ಚಗಿಡುವ ಹಬೆಗೆ ಪೈಪ್. ಜೊತೆಗೆ ಗಿರಣಿಗಳಲ್ಲಿ ಬೆಂಕಿ ಆರಿಸುವುದಕ್ಕೂ ಪೈಪ್.

ಗಿರಣಿಗಳು ಯಾಕೆ ಅಷ್ಟು ಬೇಗ ಸುಡುತ್ತಿದ್ದವು?

ಅಮೆರಿಕದ ಈಶಾನ್ಯ ಭಾಗವನ್ನು ನ್ಯೂ ಇಂಗ್ಲೆಂಡ್ ಎನ್ನುತ್ತಾರೆ. 19ನೇ ಶತಮಾನದಲ್ಲಿ ಅಲ್ಲಿನ ನದಿಗಳ ದಡದಲ್ಲಿ ಸಾಲುಸಾಲಾಗಿ ಹತ್ತಿ ಗಿರಣಿಗಳು ಎದ್ದಿದ್ದವು. ನಾಲ್ಕೈದು ಮಹಡಿ, ಮರದ ನೆಲ. ಯಂತ್ರಗಳಿಂದ ಸೋರಿದ ಎಣ್ಣೆಯನ್ನು ಆ ನೆಲ ವರ್ಷಗಟ್ಟಲೆ ಕುಡಿದಿರುತ್ತಿತ್ತು. ಗಾಳಿಯ ತುಂಬ ಹತ್ತಿಯ ನಾರು. ಬೆಳಕಿಗೆ ಉರಿಯುವ ದೀಪ. ಯಾವುದಾದರೂ ಬೇರಿಂಗ್ ಬಿಸಿಯಾಗಿ ಒಂದು ಕಿಡಿ ಹಾರಿದರೂ ಸಾಕಿತ್ತು.

1874ರ ಸೆಪ್ಟೆಂಬರ್ 19ರಂದು ಫಾಲ್ ರಿವರ್ ಎಂಬ ಊರಿನ ಗ್ರಾನೈಟ್ ಮಿಲ್‌ಗೆ ಬೆಂಕಿ ಬಿತ್ತು. ಈ ಊರು ಗ್ರಿನೆಲ್ ಹುಟ್ಟೂರಿಗೂ ಅವರ ಕಂಪನಿ ಇದ್ದ ಪ್ರಾವಿಡೆನ್ಸ್‌ಗೂ ಹತ್ತಿರ. ಮೇಲಿನ ಮಹಡಿಯಲ್ಲಿದ್ದ ಕೆಲಸಗಾರರು ಹೊರಬರಲಾಗದೆ ಸಿಕ್ಕಿಕೊಂಡರು. 20ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಗಿರಣಿಯಲ್ಲಿ ದುಡಿಯುತ್ತಿದ್ದ ಮಕ್ಕಳು ಮತ್ತು ಹೆಣ್ಣುಮಕ್ಕಳು.

ಆ ಕಾಲದ ಗಿರಣಿಗಳಲ್ಲಿ ಬೆಂಕಿಗೆ ಏನೂ ವ್ಯವಸ್ಥೆ ಇರಲಿಲ್ಲ ಎಂದಲ್ಲ. ಅನೇಕ ಕಡೆ ಮೇಲ್ಛಾವಣಿಯ ಕೆಳಗೆ ತೂತು ಕೊರೆದ ಪೈಪ್‌ಗಳು ಇದ್ದವು. ಬೆಂಕಿ ಬಿದ್ದರೆ ಯಾರಾದರೂ ಓಡಿಹೋಗಿ ವಾಲ್ವ್ ತಿರುಗಿಸಬೇಕು. ಆಗ ಇಡೀ ಹಾಲ್‌ಗೆ ನೀರು ಸುರಿಯುತ್ತದೆ. ಇದರ ತೊಂದರೆ ಏನು? ರಾತ್ರಿ ಬೆಂಕಿ ಬಿದ್ದರೆ ತಿರುಗಿಸಲು ಯಾರೂ ಇರುವುದಿಲ್ಲ. ಹಗಲಲ್ಲಿ ಬಿದ್ದರೂ ವಾಲ್ವ್ ತನಕ ಓಡುವಷ್ಟರಲ್ಲಿ ಬೆಂಕಿ ದೊಡ್ಡದಾಗಿರುತ್ತದೆ. ಮೂಲೆಯಲ್ಲಿ ಸಣ್ಣ ಬೆಂಕಿ ಇದ್ದರೂ ಪೂರ್ತಿ ಹಾಲ್‌ನ ಹತ್ತಿ, ಬಟ್ಟೆ, ಯಂತ್ರ ಎಲ್ಲ ನೆನೆಯುತ್ತದೆ. ಸಿನಿಮಾದಲ್ಲಿ ಕಾಣುವ ಮಳೆ ಈ ಹಳೆಯ ಪೈಪ್‌ಗಳಿಗೆ ಹೊಂದುತ್ತದೆ, ಇಂದಿನ ಸಾಮಾನ್ಯ ಸ್ಪ್ರಿಂಕ್ಲರ್‌ಗಳಿಗೆ ಹೊಂದುವುದಿಲ್ಲ.

ಇಲ್ಲಿ ಇನ್ನೊಂದು ಶಕ್ತಿ ಕೆಲಸ ಮಾಡುತ್ತಿತ್ತು: ವಿಮೆ. 1835ರಲ್ಲೇ ರೋಡ್ ಐಲೆಂಡ್‌ನ ಗಿರಣಿ ಮಾಲೀಕ ಜಕರೈಯಾ ಆ್ಯಲನ್ ಮತ್ತು ಇತರರು ಸೇರಿ ತಮ್ಮದೇ ವಿಮಾ ಸಂಸ್ಥೆ ಕಟ್ಟಿಕೊಂಡಿದ್ದರು. ಆ್ಯಲನ್ ತಮ್ಮ ಗಿರಣಿಯನ್ನು ಬೆಂಕಿಯಿಂದ ಕಾಪಾಡಲು ಖರ್ಚು ಮಾಡಿದ್ದರು. ಆದರೂ ವಿಮಾ ಕಂಪನಿ ಪ್ರೀಮಿಯಂ ಇಳಿಸಲು ಒಪ್ಪಿರಲಿಲ್ಲ. ಹಾಗಾಗಿ ಸುರಕ್ಷಿತ ಗಿರಣಿಗಳವರೇ ಒಟ್ಟು ಸೇರಿದರು. ಬೆಂಕಿ ತಡೆಯುವವರಿಗೆ ಕಡಿಮೆ ಪ್ರೀಮಿಯಂ ಎಂಬ ಈ ಲೆಕ್ಕಾಚಾರವೇ ಮುಂದೆ ಗ್ರಿನೆಲ್ ಅವರ ಸ್ಪ್ರಿಂಕ್ಲರ್‌ಗೆ ಮಾರುಕಟ್ಟೆ ತಂದುಕೊಟ್ಟಿತು.

ಪಿಯಾನೊ ಕಾರ್ಖಾನೆಯಿಂದ ಬಂದ ಐಡಿಯಾ

ಸ್ಪ್ರಿಂಕ್ಲರ್ ಕಂಡುಹಿಡಿದವರು ಗ್ರಿನೆಲ್ ಒಬ್ಬರೇ ಎಂದು ಎಲ್ಲಾದರೂ ಓದಿದರೆ ಅದು ಪೂರ್ತಿ ಸರಿಯಲ್ಲ. ಅವರಿಗಿಂತ ಮೊದಲು ಹೆನ್ರಿ ಪಾರ್ಮಲೀ ಎಂಬವರಿದ್ದರು. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಪಿಯಾನೊ ಕಾರ್ಖಾನೆ ನಡೆಸುತ್ತಿದ್ದವರು. ಒಣ ಮರ, ಅಂಟು, ವಾರ್ನಿಷ್ ತುಂಬಿದ ಕಾರ್ಖಾನೆ. ಬೆಂಕಿಯ ಭಯ ಸಹಜ. 1874ರಲ್ಲಿ ಪಾರ್ಮಲೀ ತನ್ನಷ್ಟಕ್ಕೆ ತಾನೇ ತೆರೆದುಕೊಳ್ಳುವ ಸ್ಪ್ರಿಂಕ್ಲರ್‌ಗೆ ಪೇಟೆಂಟ್ ಪಡೆದು ತಮ್ಮ ಕಾರ್ಖಾನೆಯಲ್ಲೇ ಹಾಕಿಸಿದರು.

ಅದರ ತತ್ವ ಸರಳ. ತೂತುಗಳಿರುವ ಪುಟ್ಟ ಹಿತ್ತಾಳೆ ತಲೆ. ಅದರ ಮೇಲೆ ಒಂದು ಟೋಪಿಯನ್ನು ಬೇಗ ಕರಗುವ ಬೆಸುಗೆ ಲೋಹದಿಂದ ಅಂಟಿಸಿರುತ್ತದೆ. ಬೆಂಕಿಯ ಬಿಸಿಗೆ ಬೆಸುಗೆ ಕರಗುತ್ತದೆ, ನೀರಿನ ಒತ್ತಡಕ್ಕೆ ಟೋಪಿ ಹಾರುತ್ತದೆ, ನೀರು ಚಿಮ್ಮುತ್ತದೆ. ಯಾರೂ ಓಡಬೇಕಿಲ್ಲ. ಬಿಸಿ ಎಲ್ಲಿದೆಯೋ ಅಲ್ಲಿಗೆ ಮಾತ್ರ ನೀರು.

ಇದನ್ನು ತಯಾರಿಸಿ ಗಿರಣಿಗಳಲ್ಲಿ ಹಾಕುವ ಕೆಲಸ ಗ್ರಿನೆಲ್ ಅವರ ಕಂಪನಿಗೆ ಬಂತು. ಹೀಗೆ ಇನ್ನೊಬ್ಬರ ಆವಿಷ್ಕಾರವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಅವರಿಗೆ ಸಿಕ್ಕಿತು. ಅದರ ದೋಷವೂ ಕಾಣಿಸಿತು.

ದೋಷ ಏನೆಂದರೆ, ಬೆಸುಗೆ ನೀರಿಗೆ ತೀರಾ ಹತ್ತಿರವಿತ್ತು. ಅಡುಗೆಮನೆಯ ಒಂದು ಉದಾಹರಣೆ ತೆಗೆದುಕೊಳ್ಳಿ. ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟರೆ ಬೇಗ ಕಾಯುತ್ತದೆ. ನೀರು ತುಂಬಿದ ಪಾತ್ರೆ ಅಷ್ಟು ಬೇಗ ಕಾಯುವುದಿಲ್ಲ, ಬಿಸಿಯನ್ನು ನೀರು ಎಳೆದುಕೊಳ್ಳುತ್ತಿರುತ್ತದೆ. ಪಾರ್ಮಲೀ ಸ್ಪ್ರಿಂಕ್ಲರ್‌ನಲ್ಲಿ ಆಗುತ್ತಿದ್ದುದೂ ಇದೇ. ಹಿಂದಿದ್ದ ತಣ್ಣೀರು ಬೆಸುಗೆಯನ್ನು ತಂಪಾಗಿಡುತ್ತಿತ್ತು. ಬೆಸುಗೆ ಕರಗುವುದು ತಡವಾಗುತ್ತಿತ್ತು. ಅಷ್ಟರಲ್ಲಿ ಬೆಂಕಿ ಬೆಳೆಯುತ್ತಿತ್ತು.

1881: ಸೆಕೆಂಡುಗಳನ್ನು ಉಳಿಸಿದ ಬದಲಾವಣೆ

1881ರಲ್ಲಿ ಗ್ರಿನೆಲ್ ತಮ್ಮ ಸ್ಪ್ರಿಂಕ್ಲರ್‌ಗೆ ಪೇಟೆಂಟ್ ಪಡೆದರು. ಅದರಲ್ಲಿ ಬೆಸುಗೆ ನೀರಿನಿಂದ ದೂರ ಸರಿದಿತ್ತು. ನೀರನ್ನು ತಡೆಯುವ ಕೆಲಸ ಒಂದು ಪುಟ್ಟ ವಾಲ್ವ್‌ನದು. ಆ ವಾಲ್ವ್ ಅನ್ನು ಸನ್ನೆಗೋಲಿನಂಥ ಭಾಗಗಳು ಒತ್ತಿ ಹಿಡಿದಿರುತ್ತವೆ. ಆ ಭಾಗಗಳನ್ನು ಬೆಸುಗೆ ಹಿಡಿದಿರುತ್ತದೆ. ಬೆಸುಗೆಯ ಸುತ್ತ ಇರುವುದು ಕೋಣೆಯ ಗಾಳಿ ಮಾತ್ರ. ಹಾಗಾಗಿ ಬಿಸಿ ತಾಗಿದ ಕೂಡಲೇ ಅದು ಕರಗುತ್ತದೆ.

ಇನ್ನೊಂದು ಜಾಣತನವೂ ಇತ್ತು. ವಾಲ್ವ್ ಕೂರುವ ಜಾಗದಲ್ಲಿ ಬಾಗುವ ತೆಳು ಲೋಹದ ಪೊರೆ ಇಟ್ಟಿದ್ದರು. ನೀರಿನ ಒತ್ತಡ ಹೆಚ್ಚಿದಷ್ಟೂ ಅದು ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಸೋರಿಕೆ ಕಡಿಮೆ. ಹೊರಬಂದ ನೀರು ಒಂದು ತಟ್ಟೆಗೆ ಬಡಿದು ಸುತ್ತಲೂ ಹರಡುತ್ತಿತ್ತು. ಈಗಿನ ಸ್ಪ್ರಿಂಕ್ಲರ್‌ಗಳ ತುದಿಯಲ್ಲಿ ಹೂವಿನ ಎಸಳಿನಂತೆ ಕಾಣುವ ತಟ್ಟೆ ಇದೆಯಲ್ಲ, ಅದರ ಕೆಲಸವೂ ಇದೇ.

1890ರಲ್ಲಿ ಅವರು ಮತ್ತೊಂದು ಸುಧಾರಣೆ ತಂದರು. ಲೋಹಕ್ಕೆ ಲೋಹ ತಾಗಿದ್ದರೆ ವರ್ಷಗಳು ಕಳೆದಂತೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಬೇಕಾದಾಗ ತೆರೆಯದ ಸ್ಪ್ರಿಂಕ್ಲರ್ ಇದ್ದೂ ಇಲ್ಲದಂತೆ. ಆದ್ದರಿಂದ ಗ್ರಿನೆಲ್ ವಾಲ್ವ್‌ಗೆ ಗಾಜಿನ ಬಿಲ್ಲೆ ಬಳಸಿದರು. ಗಾಜು ತುಕ್ಕು ಹಿಡಿಯುವುದಿಲ್ಲ. ತಮ್ಮ ಜೀವಮಾನದಲ್ಲಿ ಅವರು ಸ್ಪ್ರಿಂಕ್ಲರ್ ಸುಧಾರಣೆಗಳಿಗಾಗಿ ಸುಮಾರು 40 ಪೇಟೆಂಟ್‌ಗಳನ್ನು ಪಡೆದರು.

ಸುದ್ದಿ ಸಮುದ್ರ ದಾಟಿತು. 1883ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಮೇಥರ್ ಆಂಡ್ ಪ್ಲಾಟ್ ಕಂಪನಿ ಗ್ರಿನೆಲ್ ಸ್ಪ್ರಿಂಕ್ಲರ್‌ನ ಹಕ್ಕುಗಳನ್ನು ಪಡೆಯಿತು. ಮ್ಯಾಂಚೆಸ್ಟರ್ ಕೂಡ ಹತ್ತಿ ಗಿರಣಿಗಳ ಊರೇ. ಮೇಥರ್ ಆಂಡ್ ಪ್ಲಾಟ್ ಎಂಬ ಹೆಸರು ನಮ್ಮಲ್ಲೂ ಅಪರಿಚಿತವಲ್ಲ. ಪುಣೆಯಲ್ಲಿ ತಯಾರಾಗುವ ಪಂಪ್‌ಗಳ ಮೇಲೆ ಈ ಹೆಸರನ್ನು ನೋಡಿರಬಹುದು.

ಚಳಿಗಾಲ ಎಂಬ ಶತ್ರು

ಇಷ್ಟೆಲ್ಲ ಆದರೂ ಒಂದು ದೊಡ್ಡ ಸಮಸ್ಯೆ ಉಳಿದಿತ್ತು. ನ್ಯೂ ಇಂಗ್ಲೆಂಡಿನ ಚಳಿಗಾಲ.

ಅಲ್ಲಿ ತಾಪಮಾನ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುವುದು ಸಾಮಾನ್ಯ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು 9% ಹಿಗ್ಗುತ್ತದೆ. ಫ್ರೀಜರ್‌ನಲ್ಲಿ ಮರೆತ ಗಾಜಿನ ಬಾಟಲಿ ಒಡೆಯುವುದು ಇದಕ್ಕೇ. ಪೈಪ್‌ನಲ್ಲೂ ಹಾಗೇ ಆಗುತ್ತದೆ. ಬಿಸಿ ವ್ಯವಸ್ಥೆ ಇಲ್ಲದ ಗೋದಾಮು, ಮಾಳಿಗೆ, ಸರಕು ಇಳಿಸುವ ಕಟ್ಟೆಗಳಲ್ಲಿ ನೀರು ತುಂಬಿದ ಪೈಪ್ ಹಾಕಿದರೆ ಮೊದಲ ಚಳಿಗೇ ಒಡೆಯುತ್ತದೆ. ಒಡೆಯದಿದ್ದರೂ ಒಳಗೆ ಮಂಜುಗಡ್ಡೆ ಕಟ್ಟಿ ನೀರು ಮುಂದೆ ಹೋಗುವುದಿಲ್ಲ.

ಇದಕ್ಕೆ ಪರಿಹಾರ ಡ್ರೈ ಪೈಪ್ ವ್ಯವಸ್ಥೆ. ಪೈಪ್‌ಗಳಲ್ಲಿ ನೀರಿನ ಬದಲು ಒತ್ತಡದ ಗಾಳಿ ತುಂಬುವುದು. ನೀರನ್ನು ಬೆಚ್ಚಗಿನ ಕೋಣೆಯಲ್ಲಿರುವ ಒಂದು ವಾಲ್ವ್‌ನ ಹಿಂದೆ ತಡೆದು ನಿಲ್ಲಿಸುವುದು. ಸ್ಪ್ರಿಂಕ್ಲರ್ ತೆರೆದಾಗ ಗಾಳಿ ಹೊರಹೋಗುತ್ತದೆ, ಒತ್ತಡ ಇಳಿಯುತ್ತದೆ, ವಾಲ್ವ್ ತೆರೆದು ನೀರು ನುಗ್ಗುತ್ತದೆ. ಇಂಥ ಡ್ರೈ ಪೈಪ್ ವಾಲ್ವ್ ಒಂದನ್ನು ಗ್ರಿನೆಲ್ ರೂಪಿಸಿದರು. ಬೆಂಕಿ ಬಿದ್ದಾಗ ತಾನಾಗಿ ಎಚ್ಚರಿಸುವ ಅಲಾರ್ಮ್ ವ್ಯವಸ್ಥೆಯೂ ಅವರ ಆವಿಷ್ಕಾರಗಳ ಪಟ್ಟಿಯಲ್ಲಿದೆ.

ಅಷ್ಟು ಜೋರಾದ ನೀರನ್ನು ಬರೀ ಗಾಳಿ ಹೇಗೆ ತಡೆಯುತ್ತದೆ? ಇಲ್ಲಿರುವುದು ವಿಸ್ತೀರ್ಣದ ಲೆಕ್ಕ. ಡ್ರೈ ಪೈಪ್ ವಾಲ್ವ್‌ನ ಸಾಮಾನ್ಯ ವಿನ್ಯಾಸದಲ್ಲಿ ಗಾಳಿ ಒತ್ತುವ ಮೇಲ್ಮೈ ದೊಡ್ಡದು, ನೀರು ಒತ್ತುವ ಮೇಲ್ಮೈ ಚಿಕ್ಕದು. ಒಬ್ಬರು ಹೆಬ್ಬೆರಳಿನಿಂದ ಜೋರಾಗಿ ಬಾಗಿಲು ತಳ್ಳುತ್ತಿದ್ದಾರೆ, ಇನ್ನೊಂದು ಬದಿಯಲ್ಲಿ ಐದಾರು ಜನ ಮೆತ್ತಗೆ ಒರಗಿದ್ದಾರೆ ಅಂದುಕೊಳ್ಳಿ. ಬಾಗಿಲು ಅಲ್ಲಾಡುವುದಿಲ್ಲ. ಈ ಅನುಪಾತ ಸಾಮಾನ್ಯವಾಗಿ 5 ಅಥವಾ 6ಕ್ಕೆ 1. ಅಂದರೆ ನೀರಿನ ಒತ್ತಡ 100 ಪಿಎಸ್‌ಐ ಇದ್ದರೂ ಸುಮಾರು 20 ಪಿಎಸ್‌ಐ ಗಾಳಿ ಅದನ್ನು ತಡೆದು ನಿಲ್ಲಿಸಬಲ್ಲದು. ಸಣ್ಣಪುಟ್ಟ ಸೋರಿಕೆಗೆ ವಾಲ್ವ್ ತೆರೆಯದಿರಲಿ ಎಂದು ಇನ್ನೂ 20 ಪಿಎಸ್‌ಐ ಸೇರಿಸಿ ಸುಮಾರು 40 ಇಡುತ್ತಾರೆ.

ಒಣ ಪೈಪ್‌ಗೆ ತೆರುವ ಬೆಲೆ

ಮುಖ್ಯ ವಿಷಯ ಇರುವುದು ಇಲ್ಲಿ. ಚಳಿಯ ಸಮಸ್ಯೆ ತೀರಿತು, ಆದರೆ ತಡವಾಗುವ ಸಮಸ್ಯೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು.

ಕಾರ್ಪೊರೇಷನ್ ನೀರು ಬಿಡುವ ದಿನ ಮನೆಯ ನಲ್ಲಿ ತಿರುಗಿಸಿ ನೋಡಿ. ಮೊದಲು ಬುಸ್ ಎಂದು ಗಾಳಿ ಬರುತ್ತದೆ. ಆಮೇಲೆ ಎರಡು ಸಲ ಕೆಮ್ಮಿದಂತೆ ಮಾಡಿ ನೀರು ಬರುತ್ತದೆ. ಅಡಿಕೆ ತೋಟದಲ್ಲಿ ಮೋಟರ್ ಹಾಕಿದ ಮೇಲೆ ತುದಿಯ ಜೆಟ್ ತಿರುಗಲು ಎಷ್ಟು ಹೊತ್ತು ಬೇಕು ಎಂಬುದು ತೋಟದವರಿಗೆ ಗೊತ್ತು. ಡ್ರೈ ಪೈಪ್‌ನಲ್ಲೂ ಇದೇ ಆಗುತ್ತದೆ.

ಅಲ್ಲಿ ತಡ ಎರಡು ಹಂತದಲ್ಲಿ ಆಗುತ್ತದೆ. ಮೊದಲನೆಯದು, ಸ್ಪ್ರಿಂಕ್ಲರ್ ತೆರೆದ ಮೇಲೆ ಗಾಳಿಯ ಒತ್ತಡ 40ರಿಂದ 20ರ ಆಸುಪಾಸಿಗೆ ಇಳಿದು ವಾಲ್ವ್ ತೆರೆಯಲು ಬೇಕಾದ ಸಮಯ. ಎರಡನೆಯದು, ತೆರೆದ ವಾಲ್ವ್‌ನಿಂದ ಹೊರಟ ನೀರು ಪೈಪ್‌ನಲ್ಲಿ ಉಳಿದ ಗಾಳಿಯನ್ನು ತಳ್ಳಿಕೊಂಡು ಬೆಂಕಿಯ ತಲೆಯ ಮೇಲಿರುವ ಸ್ಪ್ರಿಂಕ್ಲರ್ ತಲುಪಲು ಬೇಕಾದ ಸಮಯ. ಎರಡನ್ನೂ ಕೂಡಿದರೆ ಸಿಗುವುದೇ ನೀರು ತಲುಪುವ ಸಮಯ.

ಕೆಲವು ಸೆಕೆಂಡು ತಡವಾದರೆ ಏನಾಗುತ್ತದೆ ಎನ್ನಬೇಡಿ. ಆರಂಭದ ಹಂತದಲ್ಲಿ ಬೆಂಕಿಯ ಬೆಳವಣಿಗೆಯನ್ನು ಎಂಜಿನಿಯರ್‌ಗಳು ಸಮಯದ ವರ್ಗಕ್ಕೆ ಅನುಗುಣವಾಗಿ ಲೆಕ್ಕ ಹಾಕುತ್ತಾರೆ. ಸಮಯ ಎರಡರಷ್ಟಾದರೆ ಬೆಂಕಿಯ ಶಾಖ ನಾಲ್ಕರಷ್ಟು. ಸಮಯ ಮೂರರಷ್ಟಾದರೆ ಶಾಖ ಒಂಬತ್ತರಷ್ಟು.

ಇನ್ನೊಂದು ಅಪಾಯವೂ ಇದೆ. ನೀರು ತಡವಾದಷ್ಟೂ ಬಿಸಿ ಗಾಳಿ ಮೇಲ್ಛಾವಣಿಯಡಿ ಹರಡಿ ದೂರದ ಸ್ಪ್ರಿಂಕ್ಲರ್‌ಗಳನ್ನೂ ತೆರೆಯುತ್ತದೆ. ಆಗ ಇರುವ ನೀರು ಹತ್ತಾರು ಕಡೆ ಹಂಚಿಹೋಗುತ್ತದೆ. ನಿಜವಾಗಿ ಬೇಕಾದ ಕಡೆ ಸಾಕಷ್ಟು ನೀರು ಬೀಳುವುದಿಲ್ಲ. ಅದಕ್ಕೇ ಡ್ರೈ ಪೈಪ್ ವ್ಯವಸ್ಥೆ ವಿನ್ಯಾಸ ಮಾಡುವಾಗ ನೀರು ಬೀಳಬೇಕಾದ ಪ್ರದೇಶವನ್ನು ಸಾಮಾನ್ಯವಾಗಿ 30% ಹೆಚ್ಚಿಗೆ ಲೆಕ್ಕ ಹಿಡಿಯುತ್ತಾರೆ.

1895ರ ಬೋಸ್ಟನ್ ಸಭೆ

1890ರ ದಶಕದ ಹೊತ್ತಿಗೆ ಸ್ಪ್ರಿಂಕ್ಲರ್ ದೊಡ್ಡ ಉದ್ಯಮವಾಗಿತ್ತು. ಗ್ರಿನೆಲ್ ಅವರ ಕಂಪನಿ ಇತರ ಕಂಪನಿಗಳೊಂದಿಗೆ ಸೇರಿ ಜನರಲ್ ಫೈರ್ ಎಕ್ಸ್‌ಟಿಂಗ್ವಿಷರ್ ಕಂಪನಿ ಎಂಬ ದೊಡ್ಡ ಸಂಸ್ಥೆಯಾಯಿತು.

ಆದರೆ ಒಬ್ಬೊಬ್ಬರು ಒಂದೊಂದು ರೀತಿ ಪೈಪ್ ಹಾಕುತ್ತಿದ್ದರು. ಬೋಸ್ಟನ್ ಸುತ್ತ 100 ಮೈಲಿಯೊಳಗೇ ಪೈಪ್‌ನ ಗಾತ್ರ ಮತ್ತು ಸ್ಪ್ರಿಂಕ್ಲರ್‌ಗಳ ನಡುವಿನ ಅಂತರಕ್ಕೆ 9 ಬೇರೆ ಬೇರೆ ನಿಯಮಗಳಿದ್ದವು. ಒಂದು ಊರಿನಲ್ಲಿ ಸರಿ ಎನಿಸಿದ್ದು ಪಕ್ಕದ ಊರಿನಲ್ಲಿ ತಪ್ಪು. ಪೈಪ್ ತೀರಾ ಸಣ್ಣದಾದರೆ ಬೇಕಾದಷ್ಟು ನೀರು ಬೇಕಾದ ಹೊತ್ತಿಗೆ ತಲುಪುವುದಿಲ್ಲ.

1895ರ ಮಾರ್ಚ್‌ನಲ್ಲಿ ಬೋಸ್ಟನ್‌ನಲ್ಲಿ ಒಂದು ಸಣ್ಣ ಸಭೆ ಸೇರಿತು. ಬಂದವರಲ್ಲಿ ಹೆಚ್ಚಿನವರು ಅಗ್ನಿ ವಿಮೆಯ ಜನ. ಸ್ಪ್ರಿಂಕ್ಲರ್ ತಯಾರಕರ ಕಡೆಯಿಂದ ಗ್ರಿನೆಲ್ ಅಲ್ಲಿದ್ದರು. ಎಲ್ಲರೂ ಒಪ್ಪುವ ಒಂದೇ ನಿಯಮ ಮಾಡಬೇಕು ಎಂಬುದು ಚರ್ಚೆಯ ವಿಷಯ. ಆ ಪ್ರಯತ್ನದ ಮುಂದುವರಿಕೆಯಾಗಿ 1896ರಲ್ಲಿ ಹುಟ್ಟಿದ್ದೇ ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ, ಅಂದರೆ ಎನ್‌ಎಫ್‌ಪಿಎ. ಅದೇ ವರ್ಷ ಸ್ಪ್ರಿಂಕ್ಲರ್ ಅಳವಡಿಕೆಯ ಮೊದಲ ನಿಯಮಗಳು ಬಂದವು. ಅವೇ ಬೆಳೆದು ಇಂದು ಎನ್‌ಎಫ್‌ಪಿಎ 13 ಎಂಬ ಹೆಸರಿನಲ್ಲಿ ಅನೇಕ ದೇಶಗಳಲ್ಲಿ ಬಳಕೆಯಲ್ಲಿವೆ.

ತಮ್ಮದೇ ಪೇಟೆಂಟ್‌ಗಳಿದ್ದ ಒಬ್ಬ ಉದ್ಯಮಿ ಎಲ್ಲರಿಗೂ ಒಂದೇ ನಿಯಮ ಇರಲಿ ಎನ್ನುವ ಮಾತುಕತೆಗೆ ಕೂತದ್ದು ಸಣ್ಣ ವಿಷಯವಲ್ಲ. ಅದರಲ್ಲಿ ವ್ಯಾಪಾರದ ಲಾಭವೂ ಇತ್ತು ನಿಜ. ಆದರೆ ಆ ನಿಯಮದ ಲಾಭ ಇವತ್ತಿಗೂ ಜಗತ್ತಿಗೆ ಸಿಗುತ್ತಿದೆ.

1905ರ ಅಕ್ಟೋಬರ್‌ನಲ್ಲಿ ಗ್ರಿನೆಲ್ ತೀರಿಕೊಂಡರು. ಆಗ ಅವರಿಗೆ 69 ವರ್ಷ. ಅವರ ಹೆಸರು ಮಾತ್ರ ಸ್ಪ್ರಿಂಕ್ಲರ್ ಮತ್ತು ಪೈಪ್ ಸಾಮಗ್ರಿಗಳ ಮೇಲೆ ಬ್ರ್ಯಾಂಡ್ ಆಗಿ ಉಳಿಯಿತು.

ಅವರು ತೀರಿಕೊಂಡ ಆರನೇ ವರ್ಷ, 1911ರ ಮಾರ್ಚ್ 25ರಂದು, ನ್ಯೂಯಾರ್ಕ್‌ನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. 146 ಜನ ಸತ್ತರು. ಹೆಚ್ಚಿನವರು ಬಟ್ಟೆ ಹೊಲಿಯುತ್ತಿದ್ದ ಯುವತಿಯರು. ಆ ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಗ್ರಿನೆಲ್ ಪೇಟೆಂಟ್ ಪಡೆದು ಆಗಲೇ 30 ವರ್ಷ ಕಳೆದಿತ್ತು. ಹತ್ತಿ ಗಿರಣಿಗಳನ್ನು ಕಾಪಾಡುತ್ತಿದ್ದ ಸಾಧನ ಈ ಹೆಣ್ಣುಮಕ್ಕಳ ತಲೆಯ ಮೇಲೆ ಇರಲಿಲ್ಲ.

ಈಗ ನೀರು ತಲುಪುವ ಸಮಯವನ್ನು ಹೇಗೆ ಅಳೆಯುತ್ತಾರೆ?

ಡ್ರೈ ಪೈಪ್ ವ್ಯವಸ್ಥೆಯಲ್ಲಿ ವಾಲ್ವ್‌ನಿಂದ ಅತಿ ದೂರದ ತುದಿಯಲ್ಲಿ ಪರೀಕ್ಷೆಗೆಂದೇ ಒಂದು ನಲ್ಲಿ ಇಟ್ಟಿರುತ್ತಾರೆ. ಅದರ ಬಾಯಿಯ ಗಾತ್ರ ಒಂದು ಸ್ಪ್ರಿಂಕ್ಲರ್‌ನಷ್ಟೇ. ಅದನ್ನು ತೆರೆದರೆ ದೂರದ ಮೂಲೆಯಲ್ಲಿ ಒಂದು ಸ್ಪ್ರಿಂಕ್ಲರ್ ತೆರೆದಂತೆ.

ಪರೀಕ್ಷೆಯ ಕ್ರಮ ಸುಮಾರಾಗಿ ಹೀಗಿರುತ್ತದೆ:

1. ಮೊದಲು ನೀರಿನ ಒತ್ತಡ ಮತ್ತು ಗಾಳಿಯ ಒತ್ತಡ ಎರಡನ್ನೂ ಬರೆದುಕೊಳ್ಳುತ್ತಾರೆ.
2. ತುದಿಯ ಪರೀಕ್ಷಾ ನಲ್ಲಿಯನ್ನು ಪೂರ್ತಿ ತೆರೆದು ಅದೇ ಕ್ಷಣ ಸ್ಟಾಪ್‌ವಾಚ್ ಒತ್ತುತ್ತಾರೆ.
3. ವಾಲ್ವ್ ತೆರೆದ ಸಮಯ ಮತ್ತು ಆಗಿನ ಗಾಳಿಯ ಒತ್ತಡವನ್ನು ಗುರುತಿಸುತ್ತಾರೆ.
4. ತುದಿಯಲ್ಲಿ ನೀರು ಬಂದ ಸಮಯವನ್ನು ಗುರುತಿಸುತ್ತಾರೆ.
5. ನಂತರ ಪೈಪ್‌ಗಳ ನೀರನ್ನು ತಗ್ಗಿನ ಜಾಗಗಳಿಂದಲೂ ಪೂರ್ತಿ ಬಸಿದು, ವಾಲ್ವ್ ಮೊದಲಿನಂತೆ ಕೂರಿಸಿ, ಗಾಳಿ ತುಂಬುತ್ತಾರೆ.

ಎಷ್ಟು ಸೆಕೆಂಡಿನಲ್ಲಿ ನೀರು ಬರಬೇಕು? ಎನ್‌ಎಫ್‌ಪಿಎ 13ರಲ್ಲಿ ಎಲ್ಲರಿಗೂ ಗೊತ್ತಿರುವ ಸಂಖ್ಯೆ 60 ಸೆಕೆಂಡು. ಪೈಪ್‌ಗಳ ಒಳಗಿನ ಒಟ್ಟು ಜಾಗ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ಮೀರದಿದ್ದರೆ ಸಮಯದ ಮಿತಿ ಇಲ್ಲ. 750 ಗ್ಯಾಲನ್, ಅಂದರೆ ಸುಮಾರು 2,800 ಲೀಟರ್ ತನಕ ಇದ್ದು, ವಾಲ್ವ್ ಬೇಗ ತೆರೆಸುವ ಆಕ್ಸಿಲರೇಟರ್‌ನಂಥ ಸಾಧನ ಇದ್ದರೆ ಆಗಲೂ ವಿನಾಯಿತಿ ಇದೆ. ಅದಕ್ಕಿಂತ ದೊಡ್ಡ ವ್ಯವಸ್ಥೆ ಸಮಯದ ಪರೀಕ್ಷೆಯಲ್ಲಿ ಪಾಸಾಗಬೇಕು.

ಅಪಾಯದ ಪ್ರಮಾಣ ನೋಡಿ ಸಮಯ ನಿಗದಿ ಮಾಡುವ ಇನ್ನೊಂದು ವಿಧಾನವೂ ಇದೆ. ಕಡಿಮೆ ಅಪಾಯದ ಕಟ್ಟಡಕ್ಕೆ 60 ಸೆಕೆಂಡು. ಸರಕನ್ನು ಎತ್ತರಕ್ಕೆ ಪೇರಿಸಿಟ್ಟ ಗೋದಾಮಿಗೆ 40 ಸೆಕೆಂಡು, ಅದೂ ನಾಲ್ಕು ಸ್ಪ್ರಿಂಕ್ಲರ್ ಒಟ್ಟಿಗೆ ತೆರೆದ ಲೆಕ್ಕದಲ್ಲಿ. ಜನ ವಾಸಿಸುವ, ಮಲಗುವ ಮನೆಗಳ ಭಾಗಕ್ಕೆ ಕೇವಲ 15 ಸೆಕೆಂಡು. ಮಲಗಿರುವವರಿಗೆ ತಪ್ಪಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಲ್ಲ, ಅದಕ್ಕೆ.

ಒಮ್ಮೆ ಪಾಸಾದರೆ ಮುಗಿಯಿತೇ? ಇಲ್ಲ. ತಪಾಸಣೆಗೆ ಸಂಬಂಧಿಸಿದ ಎನ್‌ಎಫ್‌ಪಿಎ 25ರ ಪ್ರಕಾರ ವಾಲ್ವ್ ತೆರೆಯುತ್ತದೆಯೇ ಎಂದು ಪ್ರತಿ ವರ್ಷ ನೋಡಬೇಕು. ನೀರನ್ನು ಪೂರ್ತಿ ಹರಿಸುವ ಪರೀಕ್ಷೆಯನ್ನು 3 ವರ್ಷಕ್ಕೊಮ್ಮೆ ಮಾಡಬೇಕು.

ಯಾಕೆಂದರೆ ಒಣ ಪೈಪ್ ಹೆಸರಿಗಷ್ಟೇ ಒಣ. ಒಳಗೆ ಉಳಿದ ತೇವ ಮತ್ತು ಗಾಳಿಯ ಆಮ್ಲಜನಕ ಸೇರಿ ತುಕ್ಕು ಹಿಡಿಸುತ್ತವೆ. ತುಕ್ಕಿನ ಚಕ್ಕೆಗಳು ದಾರಿಗೆ ಅಡ್ಡ ಬರುತ್ತವೆ. ತಗ್ಗಿನಲ್ಲಿ ನಿಂತ ನೀರು ಮಂಜುಗಡ್ಡೆಯಾಗುತ್ತದೆ. ಕಟ್ಟಡ ವಿಸ್ತರಿಸಿದಾಗ ಯಾರೋ ಇನ್ನಷ್ಟು ಪೈಪ್ ಸೇರಿಸಿರುತ್ತಾರೆ. ಹಿಂದಿನ ಸಲ 45 ಸೆಕೆಂಡಿಗೆ ಬಂದ ನೀರು ಈ ಸಲ 58 ಸೆಕೆಂಡಿಗೆ ಬಂತು ಅಂದುಕೊಳ್ಳಿ. ಕಾಗದದ ಮೇಲೆ ಪಾಸ್. ಆದರೆ ಒಳಗೆ ಏನೋ ಬದಲಾಗಿದೆ ಎಂಬ ಎಚ್ಚರಿಕೆ ಅದು.

ನಮಗೆ ಇದರಿಂದ ಏನು?

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಮಾಲ್ ಅಥವಾ ಆಫೀಸ್‌ಗಳಲ್ಲಿ ಪೈಪ್ ಹೆಪ್ಪುಗಟ್ಟುವ ಚಿಂತೆ ಇಲ್ಲ. ಇಲ್ಲಿ ಸಾಮಾನ್ಯವಾಗಿ ಇರುವುದು ನೀರು ತುಂಬಿದ ವೆಟ್ ಪೈಪ್ ವ್ಯವಸ್ಥೆ. ಸ್ಪ್ರಿಂಕ್ಲರ್ ತೆರೆದ ಕೂಡಲೇ ನೀರು ಸಿಗುತ್ತದೆ. ಆದರೆ ಸೊನ್ನೆಗಿಂತ ಕೆಳಗಿನ ತಾಪಮಾನದ ಕೋಲ್ಡ್ ಸ್ಟೋರೇಜ್‌ಗೆ ನಮ್ಮ ಬಿಸಿಲೂರಿನಲ್ಲೂ ಗಾಳಿ ತುಂಬಿದ ಪೈಪ್‌ನಂಥ ವ್ಯವಸ್ಥೆಯೇ ಬೇಕು.

ಅಮೆರಿಕ, ಕೆನಡಾಗಳಲ್ಲಿ ಇರುವ ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ವಿಷಯ. ಅಲ್ಲಿನ ಚಳಿ ಪ್ರದೇಶದ ಅಪಾರ್ಟ್‌ಮೆಂಟ್‌ಗಳ ತೆರೆದ ಪಾರ್ಕಿಂಗ್, ಮಾಳಿಗೆಗಳಲ್ಲಿ ಡ್ರೈ ಪೈಪ್ ಸಾಮಾನ್ಯ. ಪರೀಕ್ಷೆ ಇದೆ, ಅಲಾರ್ಮ್ ಕೂಗಬಹುದು ಎಂದು ನೋಟಿಸ್ ಬಂದರೆ ಕಿರಿಕಿರಿ ಪಟ್ಟುಕೊಳ್ಳಬೇಡಿ. ಆ ದಿನ ಯಾರೋ ನಿಮ್ಮ ಪರವಾಗಿ ಸೆಕೆಂಡು ಎಣಿಸುತ್ತಿರುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ: ಸುಳ್ಳು ಯಾವುದು, ನಿಜ ಯಾವುದು?

ಸುಳ್ಳು: ಒಂದು ಸ್ಪ್ರಿಂಕ್ಲರ್ ತೆರೆದರೆ ಎಲ್ಲವೂ ತೆರೆಯುತ್ತವೆ.
ನಿಜ: ಸಾಮಾನ್ಯ ವ್ಯವಸ್ಥೆಯಲ್ಲಿ ಬಿಸಿ ತಗುಲಿದ್ದು ಮಾತ್ರ ತೆರೆಯುತ್ತದೆ. ಕೆಲವು ವಿಶೇಷ ಅಪಾಯದ ಜಾಗಗಳಲ್ಲಿ ಮಾತ್ರ ಎಲ್ಲವೂ ಒಟ್ಟಿಗೆ ಸುರಿಯುವ ಬೇರೆ ವ್ಯವಸ್ಥೆ ಇರುತ್ತದೆ.

ಸುಳ್ಳು: ಸಿಗರೇಟ್ ಹೊಗೆಗೆ, ಒಗ್ಗರಣೆ ಹೊಗೆಗೆ ಸ್ಪ್ರಿಂಕ್ಲರ್ ಶುರುವಾಗುತ್ತದೆ.
ನಿಜ: ಹೊಗೆಗೆ ಕೂಗುವುದು ಸ್ಮೋಕ್ ಡಿಟೆಕ್ಟರ್. ಸ್ಪ್ರಿಂಕ್ಲರ್‌ಗೆ ಬೇಕಾದದ್ದು ಬಿಸಿ. ಈಗಿನ ಸ್ಪ್ರಿಂಕ್ಲರ್‌ಗಳಲ್ಲಿ ಕಾಣುವ ಕೆಂಪು ಗಾಜಿನ ಕೊಳವೆ ಒಡೆಯುವುದು 68 ಡಿಗ್ರಿ ಸೆಲ್ಸಿಯಸ್‌ಗೆ. ಹಳದಿಯದು 79ಕ್ಕೆ, ಹಸಿರಿನದು 93ಕ್ಕೆ.

ಸುಳ್ಳು: ಸ್ಪ್ರಿಂಕ್ಲರ್ ಇದೆ ಎಂದರೆ ಕಟ್ಟಡ ಸುರಕ್ಷಿತ.
ನಿಜ: ವಾಲ್ವ್ ಮುಚ್ಚಿದ್ದರೆ, ಪಂಪ್ ಕೆಟ್ಟಿದ್ದರೆ, ಟ್ಯಾಂಕ್ ಖಾಲಿ ಇದ್ದರೆ, ಪೈಪ್ ಕಟ್ಟಿಕೊಂಡಿದ್ದರೆ ಅದು ಬರೀ ಅಲಂಕಾರ. ನಿಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ, ಆಫೀಸಿನಲ್ಲಿ ಒಂದೇ ಪ್ರಶ್ನೆ ಕೇಳಿ: ಕೊನೆಯ ಸಲ ನೀರು ಹರಿಸಿ ನೋಡಿದ್ದು ಯಾವಾಗ, ಅದರ ದಾಖಲೆ ಎಲ್ಲಿದೆ?

ಗ್ರಿನೆಲ್ ಅವರ ಬದುಕಿನ ಕೆಲಸವನ್ನು ಒಂದು ಸಾಲಿನಲ್ಲಿ ಹೇಳುವುದಾದರೆ, ಬೆಂಕಿಗೂ ನೀರಿಗೂ ನಡುವಿನ ಸಮಯವನ್ನು ಕಡಿಮೆ ಮಾಡಿದ್ದು. ಬೆಸುಗೆಯನ್ನು ನೀರಿನಿಂದ ಸರಿಸಿದ್ದು, ಗಾಜಿನ ಬಿಲ್ಲೆ ಇಟ್ಟಿದ್ದು, ಒಂದೇ ನಿಯಮಕ್ಕಾಗಿ ಸಭೆಯಲ್ಲಿ ಕೂತದ್ದು ಎಲ್ಲವೂ ಅದಕ್ಕೇ. ಅವರು ಬಿಟ್ಟುಹೋದ ಸಾಧನ ನಮ್ಮ ತಲೆಯ ಮೇಲಿದೆ. ಅದರಲ್ಲಿ ಸಮಯಕ್ಕೆ ಸರಿಯಾಗಿ ನೀರು ಬರುತ್ತದೆಯೇ ಎಂದು ನೋಡಿಕೊಳ್ಳುವ ಕೆಲಸ ನಮ್ಮದು.